ಕಾಲು ಡಿಗ್ರಿ

ಮುರುಗೇಶಪಾಳ್ಯದ ನನ್ನ ಶೆಡ್ಡಿಗೆ
ದೊಡ್ಡ ಮೀನು ತಂದವಳ ಹಾಗೆ ಹಳೇ ಟವೆಲಿನಲ್ಲಿ ಸುತ್ತಿ
ತಂದಳು ದೇಚಮ್ಮ ಅದನ್ನು.
ಬಿಚ್ಚಿದರೆ ಕಾರ್ಬನ್ನಿನ ಕರೀ ಕಂಬ,
ಕೊಳವೆಯಂಥ ಒಡಲು, ಮುಂದೆ ಅಗಲ ರೆಕ್ಕೆ,
ಹಿಂದೆ ಗೇಣುದ್ದದ ಬಾಲ.
"ಹಲಗೆಯಡಿ, ನೀರೊಳಗೆ ಹಾರೋದು ಇದು.
ನಾನು ಮೇಲೆ ನಿಂತಿರ್ತೀನಿ,
ಗಾಳಿ ತುಂಬಿದ ಇನ್ನೊಂದು ರೆಕ್ಕೆ ಕೈಯಲ್ಲಿ."

ನನಗೆ ಅಷ್ಟು ಹೇಳಬೇಕಿರಲಿಲ್ಲ.
ಮೂವತ್ತೊಂದು ವರ್ಷ ಎಚ್‌ಎಎಲ್ ಹ್ಯಾಂಗರಿನಲ್ಲಿ
ವಿಮಾನಕ್ಕೆ ಬಾಲ ಕೂರಿಸಿದ ಕೈ ಇದು.
ಬಾಲ ಹಿಂದೆ ಕೂತು ಕೆಳಗೆ ಜಗ್ಗುತ್ತದೆ,
ಸಭೆಯಲ್ಲಿ ಮುಗ್ಗರಿಸುವ ತಮ್ಮನ ಅಂಗಿ ತುದಿಯನ್ನು
ಅಕ್ಕ ಹಿಡಿದ ಹಾಗೆ;
ಆಗ ತಾನೇ ಮುಖ ಮೇಲೆ ನಿಲ್ಲುವುದು.

"ಏನು ತೊಂದರೆ?"
"ಗಾಳಿ ಜೋರಾದರೆ ಮೂತಿ ಎತ್ತುತ್ತೆ.
ಮುಂಗಾಲು ಒತ್ತಿ ಒತ್ತಿ ಮಂಡಿ ಉರಿ.
ಒಮ್ಮೊಮ್ಮೆ ನೀರಿಂದಾಚೆಗೇ ಜಿಗಿದು
ನನ್ನ ಚೆಲ್ಲಿಬಿಡುತ್ತೆ."
ಎಡಮಂಡಿಯಲ್ಲಿ ಎರಡು ಸ್ಕ್ರೂ.
ಹಾಕಿದ್ದು ಅವಳದೇ ಆಸ್ಪತ್ರೆ, ಅವಳೇ ನರ್ಸಾಗಿರುವ ವಾರ್ಡು.
ವಯಸ್ಸು ನಲವತ್ನಾಲ್ಕು, ತೂಕ ಐವತ್ತೊಂದು.
ಇದನ್ನು ಮಾಡಿದವನು ಯಾವ ದೇಶದವನೋ,
ಎಂಬತ್ತು ಕಿಲೋ ಆಸಾಮಿಯನ್ನು ನೆನೆದುಕೊಂಡು ಮಾಡಿದ್ದಾನೆ.

ಬೋಲ್ಟು ಎರಡು, ನಡುವೆ ನಲವತ್ತು ಮಿಲಿಮೀಟರ್.
ಮುಂದಿನದರಡಿ ಚೂರು ಎತ್ತಿದರೆ ಜಗ್ಗಾಟ ಇಳಿಯುತ್ತದೆ,
ಹಿಂದಿನದರಡಿ ಎತ್ತಿದರೆ ಏರುತ್ತದೆ.
ಹಿತ್ತಾಳೆ ತಗಡು ಕತ್ತರಿಸಿ, ತೂತು ಕೊರೆದು,
ಮುಂದೆ ಇಟ್ಟೆ: ಪಾಯಿಂಟ್ ಮೂರೈದು.
ಸರಿಯಾಗಿ ಅರ್ಧ ಡಿಗ್ರಿ.
ದುಡ್ಡು ಬೇಡ ಅಂದೆ. ಜಂಬಕ್ಕೆ.

ಆಷಾಢ. ಹೊಸಕೋಟೆ ಕಡೆಯ ಕೆರೆಯಲ್ಲಿ ಗಾಳಿಯ ಹಬ್ಬ.
ನಾಲ್ಕನೇ ದಿನ ಬಂದಳು ಕುಂಟುತ್ತಾ,
ಈ ಸಲ ಬಲಗಾಲು.
"ಈಗ ಮೂತಿ ಮುಳುಗುತ್ತೆ ಮೇಷ್ಟ್ರೇ.
ಹಿಂಗಾಲಲ್ಲಿ ತುಳಿದೂ ತುಳಿದೂ ಸಾಕಾಯ್ತು."

ಸುಮ್ಮನೆ ಕೂತೆ.
ಪೈಲಟ್ಟುಗಳು ಬರೆದುಕೊಟ್ಟ ಎಷ್ಟು ಚೀಟಿ ಓದಿದ್ದೇನೆ,
"ಮೂತಿ ಭಾರ", "ಎಡಕ್ಕೆ ವಾಲುತ್ತಿದೆ".
ಒಬ್ಬನ ಕಾಲನ್ನಾದರೂ ನೋಡಿದ್ದೆನೇ?

ಪಕ್ಕದ ಗುಜರಿ ಸಲೀಮನಿಂದ ಒಂದು ತಕ್ಕಡಿ,
ಮನೆಯಿಂದ ಸೊಸೆಯ ತೂಕದ ಮಿಷನ್ನು,
ಮೇಲೊಂದು ಹಲಗೆ.
"ಹತ್ತಮ್ಮ. ಕಾಫಿ ಕುಡಿ. ನನ್ನ ಕಡೆ ನೋಡಬೇಡ."
ಮೊದಲು ಸೆಟೆದು ನಿಂತಳು, ಇನ್‌ಸ್ಪೆಕ್ಷನ್ನಿಗೆ ನಿಂತ ಹಾಗೆ.
ಆಮೇಲೆ ಯಾರದೋ ಫೋನು,
ಯಾವುದೋ ಬೆಡ್ಡಿನ ಮುದುಕಿಗೆ ಡ್ರಿಪ್ಪು ಬದಲಿಸಲು ಹೇಳುತ್ತಾ
ತನ್ನ ಮೈಯನ್ನೇ ಮರೆತಳು.
ಆಗ ಓದಿಕೊಂಡೆ: ಮುಂದೆ ಇಪ್ಪತ್ತೆಂಟು, ಹಿಂದೆ ಇಪ್ಪತ್ಮೂರು.
ನೊಂದ ಕಾಲಿನ ಮೇಲೇ ಅವಳ ಭರವಸೆ ಹೆಚ್ಚು.

"ಕಾಲು ಡಿಗ್ರಿ ಸಾಕು," ಅಂದೆ.
"ಯಾವ ಕಾಲು?" ಅಂದಳು.
ಇಬ್ಬರೂ ನಕ್ಕು, ಕಾಫಿ ಚೆಲ್ಲಿ.

ಹಿತ್ತಾಳೆ ಅಷ್ಟು ತೆಳುವಿಲ್ಲ ನನ್ನ ಬಳಿ.
ಜ್ಯೂಸ್ ಡಬ್ಬಿಯ ಹೊಟ್ಟೆ ಸೀಳಿ
ಮೈಕ್ರೋಮೀಟರಿಗೆ ಕೊಟ್ಟೆ: ಪಾಯಿಂಟ್ ಸೊನ್ನೆ ಒಂಬತ್ತು.
ಎರಡು ಪದರ.
ಒಂದರ ಮೇಲೆ ಅರ್ಧ ಮಾವಿನ ಹಣ್ಣು ಇನ್ನೂ ಹೊಳೆಯುತ್ತಿತ್ತು.

ಭಾನುವಾರ ನನ್ನನ್ನೂ ಕರೆದೊಯ್ದಳು.
ದಂಡೆಯಲ್ಲಿ ಎಮ್ಮೆ, ಅಂತರಗಂಗೆ, ಗಿರಕಿ ಹೊಡೆವ ಹುಡುಗರು.
ಮೊದಲು ಹಲಗೆ ನೀರನ್ನು ಬಡಿಯುತ್ತಾ ಹೋಯಿತು,
ಆಮೇಲೆ ಸದ್ದು ನಿಂತಿತು.
ಸದ್ದು ನಿಂತದ್ದೇ ಗೊತ್ತಾದದ್ದು ನನಗೆ.
ಮೊಣಕಾಲೆತ್ತರಕ್ಕೆ ಎದ್ದು
ನೀರು ಮುಟ್ಟದೆ ಹೋಗುತ್ತಿದ್ದಾಳೆ,
ಕಂಬದ ಸೀಳಷ್ಟೇ ಹಿಂದೆ.
ನಾನು ಮಾಡಿದ ಕೆಲಸ ಎಲ್ಲಿದೆಯೆಂದು ನೋಡಿದೆ.
ಕೆಸರು ನೀರು. ಕಾಣಲಿಲ್ಲ.

ದೂರದಿಂದ ಏನೋ ಕೂಗಿದಳು.
ಬಯ್ದಳೋ ಹೊಗಳಿದಳೋ, ಗಾಳಿ ಎತ್ತಿಕೊಂಡಿತು.
ಸಂಜೆ ಶೆಡ್ಡಿನ ಗೋಡೆಗೆ ಪೆನ್ಸಿಲಿನಲ್ಲಿ ಬರೆದೆ:
ದೇಚಮ್ಮ, ೫೧ ಕಿಲೋ, ಮುಂದಿನ ಬೋಲ್ಟು, ೦.೧೮.
ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ.
ಮಂಡಿ ವಾಸಿಯಾದರೆ
ಮತ್ತೆ ಬರಬೇಕಾಗುತ್ತದೆ.